ಏಳನೇ ನಂಬರ್ ಕೂಗಿದವರು

ಜನವರಿ 13

ಏಳನೇ ನಂಬರಿನವಳಿಗೆ,

ನಿನ್ನೆ ನಾನು ಬಸ್ಸಿನಲ್ಲಿ ಕೂಗಾಡಿದ್ದರಲ್ಲಿ ಅರ್ಧ ನಿನಗೆ ತಲುಪಿರಲಾರದು, ಇನ್ನರ್ಧ ತಲುಪದಿದ್ದರೇ ಒಳ್ಳೆಯದು. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಂಡದ ಪದ್ಧತಿ ನಿನಗೆ ಗೊತ್ತು. ಕೋರ್ಟಿನಲ್ಲಿ ವಾದವಿಲ್ಲ. ಹೇಳುವುದೇನಿದ್ದರೂ ಬರೆದು, ಸಾಮಾನು ಕೋಣೆಯ ಬಾಗಿಲಿಗೆ ಮೊಳೆ ಹೊಡೆದಿರುವ ಶೂ ಡಬ್ಬಿಯಲ್ಲಿ ಹಾಕಬೇಕು. ಆ ನಿಯಮ ಮಾಡಿದವಳು ನಾನೇ, ಆದ್ದರಿಂದ ನನಗೂ ಅದೇ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಒಂದೇ ಪಾಯಿಂಟಿನಿಂದ ಸೋತು ವಾಪಸು ಬರುತ್ತಿದ್ದೆವು. ದಾರಿಯಲ್ಲಿ ಚಹಾಕ್ಕೆಂದು ಬಸ್ಸು ನಿಂತಿತು. ಹೊರಡುವ ಮೊದಲು ಎಂದಿನಂತೆ ಒಬ್ಬೊಬ್ಬರೂ ತಮ್ಮ ತಮ್ಮ ನಂಬರ್ ಕೂಗಿದರು. ನಾಲ್ಕರಿಂದ ಹದಿನೈದರವರೆಗೆ ಹನ್ನೆರಡು ಜೆರ್ಸಿ, ಹನ್ನೆರಡು ದನಿ. ಒಂದೂ ಬಿಟ್ಟುಹೋಗಲಿಲ್ಲ. ನಲವತ್ತು ನಿಮಿಷದ ಮೇಲೆ, ನಿನ್ನ ಮೊಣಕೈಗೆ ಮುಲಾಮು ಕೊಡೋಣವೆಂದು ನಾನು ಹಿಂದಕ್ಕೆ ತಿರುಗಿದರೆ ನಿನ್ನ ಸೀಟಿನಲ್ಲಿ ನಿನ್ನ ಬ್ಯಾಗು ಮಾತ್ರ ಕೂತಿತ್ತು. ಬಸ್ಸು ತಿರುಗಿಸಿಕೊಂಡು ಬರುವ ಆ ನಲವತ್ತು ನಿಮಿಷ ನಾನು ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನೀನು ಮಾತ್ರ ಚಹಾದಂಗಡಿಯ ಎದುರಿನ ಶಾಲೆಯ ಮೈದಾನದಲ್ಲಿ, ನಮ್ಮದೇ ಚೆಂಡು ಹಿಡಿದು, ಬಲೆಯಿಲ್ಲದ ಬಾಸ್ಕೆಟ್‌ಬಾಲ್ ರಿಂಗಿಗೆ ಹೊಡೆಯುತ್ತಾ ನಿಂತಿದ್ದೆ. "ಬಸ್ಸು ಹೊರಟಿದ್ದು ಗೊತ್ತಾಗ್ಲಿಲ್ವಾ?" ಎಂದು ಕೇಳಿದೆ. "ಗೊತ್ತಾಗ್ಲಿಲ್ಲ" ಅಂದೆ. ಚೆಂಡು ಕಿತ್ತುಕೊಂಡೆ.

ವರ್ಷದ ಮೊದಲ ದಿನ ನೀವೆಲ್ಲ ಸಹಿ ಹಾಕಿದ ಪುಸ್ತಕ ನನ್ನ ಮುಂದಿದೆ. ಹೇಳದೆ ತಂಡ ಬಿಟ್ಟು ಹೋದವರು ಆರು ವಾರ ಜೆರ್ಸಿ ವಾಪಸು ಕೊಡಬೇಕು. ಇಲ್ಲದವರ ನಂಬರ್ ಕೂಗಿದವರಿಗೂ ಅಷ್ಟೇ ಶಿಕ್ಷೆ. ಬಸ್ಸು ಹೊರಟದ್ದು ಗೊತ್ತಿದ್ದೂ ಬೇಕೆಂದೇ ಉಳಿದವರಿಗೆ ಆ ವರ್ಷ ಆಟವೇ ಇಲ್ಲ. ನಿನ್ನದು ಮೊದಲನೆಯದು.

ನಿನಗಿಂತ ಹೆಚ್ಚು ಸಿಟ್ಟು ನಿನ್ನ ನಂಬರ್ ಕೂಗಿದವಳ ಮೇಲಿದೆ. ನೀನು ಬೇಜವಾಬ್ದಾರಿ, ಅವಳು ಸುಳ್ಳುಗಾತಿ. ಬಸ್ಸಿನಲ್ಲಿ ಮೂರು ಸಲ ಕೇಳಿದೆ, ಹನ್ನೊಂದೂ ಜನ ತುಟಿಪಿಟಕ್ಕೆನ್ನಲಿಲ್ಲ. ಆ ಹೆಸರು ಹೊರಗೆ ಬರುವವರೆಗೆ ಅವರೆಲ್ಲರಿಗೂ ದಿನಾ ಬೆಳಗ್ಗೆ ಇಪ್ಪತ್ತು ಸುತ್ತು ಹೆಚ್ಚಿಗೆ. ನಿನ್ನ ಆರು ವಾರದ ಲೆಕ್ಕವೂ ಅಲ್ಲಿಯವರೆಗೆ ಶುರುವಾಗುವುದಿಲ್ಲ. ಮಾರ್ಚ್ ಏಳಕ್ಕೆ ಅಂತರ ಕಾಲೇಜು ಪಂದ್ಯಾವಳಿ. ಫೆಬ್ರವರಿ ಇಪ್ಪತ್ತೈದಕ್ಕೆ ನಾನು ಹೆಸರಿನ ಪಟ್ಟಿ ಕಳಿಸಬೇಕು. ಮುಂದಿನದು ನೀನೇ ಯೋಚಿಸು.

ಜೆರ್ಸಿಯನ್ನು ಒಗೆದು, ಇಸ್ತ್ರಿ ಮಾಡಿ ತಂದುಕೊಡು.

ಕೋಚ್


ಜನವರಿ 14

ಕೋಚ್ ಮೇಡಂ ಅವರಿಗೆ,

ಜೆರ್ಸಿ ಡಬ್ಬಿಯ ಕೆಳಗಿನ ಕುರ್ಚಿಯ ಮೇಲಿದೆ. ಹಾಸ್ಟೆಲಿನ ಇಸ್ತ್ರಿಪೆಟ್ಟಿಗೆ ಕೆಟ್ಟಿದೆ, ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿದ್ದೆ. ಸುಕ್ಕಿದ್ದರೆ ಅದು ನಾನು ಹೊರಳಾಡಿದ್ದರಿಂದ.

ತಪ್ಪಿದ್ದರೆ ತಿದ್ದು ಎಂದಿದ್ದೀರಿ. ಒಂದು ಬಿಟ್ಟುಹೋಗಿದೆ. ಆ ಒಂದು ಪಾಯಿಂಟು ನನ್ನದು. ಕೊನೆಯ ಎರಡು ಫ್ರೀ ಥ್ರೋ ನಾನೇ ಹೊಡೆದದ್ದು, ಎರಡೂ ರಿಂಗಿಗೆ ಬಡಿದು ಹೊರಗೆ ಬಿದ್ದವು. ನೀವು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಎಲ್ಲರ ಹಾಗೆ ಚಹಾ ಕುಡಿಯುತ್ತಿದ್ದೆ. ಚಹಾದಂಗಡಿಯ ಎದುರು ರಿಂಗು ಕಾಣಿಸಿತು. ಹತ್ತು ಒಂದೇ ಸಮನೆ ಬೀಳುವ ತನಕ ಹೊಡೆದು ಬರೋಣ ಅಂದುಕೊಂಡೆ. ಬಸ್ಸು ಹೊರಟದ್ದು ಗೊತ್ತಾಗಲಿಲ್ಲ. ನೋಡಿದಾಗ ಇರಲಿಲ್ಲ, ಫೋನು ಬ್ಯಾಗಿನಲ್ಲಿತ್ತು. ಎಲ್ಲಿಗೆ ಹೋಗಲಿ, ಅಲ್ಲೇ ನಿಂತೆ.

ನನ್ನ ನಂಬರ್ ಯಾರು ಕೂಗಿದರೋ ನನಗೇನು ಗೊತ್ತು ಮೇಡಂ? ನಾನು ಬಸ್ಸಿನಲ್ಲೇ ಇರಲಿಲ್ಲವಲ್ಲ. ಅದಕ್ಕೇ ಅಲ್ಲವೇ ಈ ಶಿಕ್ಷೆ?

ಇದು ನನ್ನ ಕೊನೆಯ ವರ್ಷ ಎಂಬುದು ನಿಮಗೂ ಗೊತ್ತಿದೆ.

ಇತಿ,
ಜೆರ್ಸಿಯಿಲ್ಲದ ಏಳು


ಜನವರಿ 19

ಚಿನಕುರುಳಿ,

ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ನೀನು ಇಟ್ಟೆ. ಆಮೇಲೆ ನೀನು ಮಾಡಿದಾಗ ನಾನು ಎತ್ತಲಿಲ್ಲ. ಹೀಗಾದರೆ ತಾಯಿ ಮಗಳು ಮಾತಾಡಿದ ಹಾಗೇ. ಅದಕ್ಕೆ ನಿಮ್ಮ ಕೋಚ್ ಪದ್ಧತಿಯನ್ನೇ ಹಿಡಿದೆ. ಡಿಪೋದಲ್ಲಿ ಕೂತು ಬರೆಯುತ್ತಿದ್ದೇನೆ, ನನ್ನ ಬಸ್ಸಿಗೆ ಚಕ್ರ ಬದಲಿಸುತ್ತಿದ್ದಾರೆ.

ಹತ್ತೊಂಬತ್ತು ವರ್ಷದಿಂದ ಕಂಡಕ್ಟರ್ ಕೆಲಸ ಮಾಡುತ್ತಿದ್ದೇನೆ. ಕುಡಿದು ಮಲಗಿದವರನ್ನು, ಕೂಸನ್ನು ಸೀಟಿನ ಮೇಲೆ ಬಿಟ್ಟು ಕಿತ್ತಳೆ ಹಣ್ಣು ತರಲು ಇಳಿದವರನ್ನು, ಎಲ್ಲರನ್ನೂ ಕರೆದು ಹತ್ತಿಸಿಕೊಂಡಿದ್ದೇನೆ. ಒಬ್ಬರನ್ನೂ ಬಿಟ್ಟು ಬಂದಿಲ್ಲ. ಅಂಥವಳ ಮಗಳನ್ನು ಒಂದು ಬಸ್ಸು ರಸ್ತೆಬದಿಯಲ್ಲಿ ಬಿಟ್ಟುಹೋಯಿತು ಅಂದರೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ಅತ್ತೆ, ಆಮೇಲೆ ನಿನ್ನನ್ನು ಬೈದೆ. ನೀನು ಕೇಳಿಸಿಕೊಂಡದ್ದು ಎರಡನೆಯದನ್ನು ಮಾತ್ರ.

ಈಗ ಕಿವಿಗೊಟ್ಟು ಕೇಳು. ಆ ಹೆಸರು ಹೇಳಿಬಿಡು. ಯಾವಳೋ ಗೆಳತಿ ನಿನ್ನ ಮೇಲಿನ ಪ್ರೀತಿಗೆ ಕೂಗಿರಬಹುದು. ಆದರೆ ನಿನ್ನನ್ನು ಒಂಟಿಯಾಗಿ ಬಿಟ್ಟು ಬಂದದ್ದೂ ಆ ಪ್ರೀತಿಯೇ ಅಲ್ಲವೇ? ನೀನು ಆರನೇ ತರಗತಿಯಿಂದ ಆ ರಿಂಗಿಗೆ ಜೋತುಬಿದ್ದವಳು. ಅಂಗಳದ ಗೋಡೆಗೆ ಮುರಿದ ಬಕೆಟಿನ ಬಾಯಿ ಕಟ್ಟಿಕೊಟ್ಟವಳು ನಾನು. ಕೊನೆಯ ಪಂದ್ಯಾವಳಿ ಯಾರದೋ ಬಾಯಿಯ ದೆಸೆಯಿಂದ ತಪ್ಪಿಹೋದರೆ ನೀನು ಜೀವಮಾನವಿಡೀ ಕೊರಗುತ್ತೀಯ, ನಾನು ಅದನ್ನು ನೋಡಬೇಕಾಗುತ್ತದೆ.

ಚಕ್ರ ಹಾಕಿ ಆಯಿತಂತೆ. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ನನಗೂ ಕೊಬ್ಬಿದೆ, ಎರಡು ನಿಮಿಷ ಕಾಯಲಿ. ಮೊಣಕೈ ಹೇಗಿದೆ?

ನಿನ್ನ ಅಮ್ಮ


ಜನವರಿ 26

ಅಮ್ಮಾ,

ಮೊಣಕೈ ವಾಸಿಯಾಗಿದೆ. ಅದಕ್ಕೆ ಕೆಲಸವೇ ಇಲ್ಲವಲ್ಲ.

ನನ್ನ ದಿನ ಹೀಗೆ ಕಳೆಯುತ್ತದೆ. ಎಲ್ಲರಿಗಿಂತ ಮೊದಲು ಬಂದು ಕೋರ್ಟ್ ಒರೆಸಬೇಕು. ಚೆಂಡುಗಳಿಗೆ ಗಾಳಿ ಹಾಕಬೇಕು. ಯಾರಾದರೂ ಜಾರಿ ಬಿದ್ದರೆ ಓಡಿಹೋಗಿ ಬೆವರು ಒರೆಸಿ ಬರಬೇಕು. ಉಳಿದ ಹೊತ್ತು ಮೇಜಿನ ಹಿಂದೆ ಕೂತು ಸ್ಕೋರ್ ಶೀಟ್ ತುಂಬಬೇಕು. ಕೂತರೆ ಕಾಲು ನಿಲ್ಲುವುದಿಲ್ಲ. ನಿನ್ನೆ ಮೇಜಿನ ಕೆಳಗೆ ನನ್ನ ಮೊಣಕಾಲು ಕುಣಿದು ಕುಣಿದು ಗಂಟೆಯ ಗುಂಡಿ ಒತ್ತಿಹೋಯಿತು, ಎಲ್ಲರೂ ಆಟ ಮುಗಿಯಿತೆಂದು ನಿಂತುಬಿಟ್ಟರು. ಕೋಚ್ ನನ್ನ ಕಡೆ ನೋಡಿದರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಮೇಜನ್ನು ಎರಡಡಿ ಹಿಂದಕ್ಕೆ ಎಳೆಸಿದರು.

ರೂಮಿಗೆ ಬಂದರೂ ಅದೇ ಗತಿ. ಪುಸ್ತಕ ತೆಗೆಯುತ್ತೇನೆ, ಮುಚ್ಚುತ್ತೇನೆ. ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಕಾಲುಚೀಲ ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆಯುತ್ತೇನೆ. ನನ್ನ ಜೊತೆ ರೂಮಿನಲ್ಲಿರುವ ನಾಲ್ಕು, ಅವಳೇ ಕ್ಯಾಪ್ಟನ್, "ಒಂದು ಕಡೆ ಕೂತ್ಕೊಳೇ ಮಾರಾಯ್ತಿ, ನೀನು ಓಡಾಡಿದ್ರೆ ನನಗೆ ಸುಸ್ತಾಗತ್ತೆ" ಅನ್ನುತ್ತಾಳೆ. ಸುಸ್ತಾಗದೆ ಇನ್ನೇನು. ನನ್ನಿಂದಾಗಿ ಅವರೆಲ್ಲ ದಿನಾ ಇಪ್ಪತ್ತು ಸುತ್ತು ಓಡುತ್ತಿದ್ದಾರೆ. ನಾನು ಮೇಜಿನ ಹಿಂದೆ ಕೂತು ಸುತ್ತು ಎಣಿಸುತ್ತೇನೆ. ಹದಿನೈದನೇ ನಂಬರಿನ ಚಿಕ್ಕ ಹುಡುಗಿಗೆ ಮೊನ್ನೆ ಹದಿನೆಂಟನೇ ಸುತ್ತಿಗೆ ವಾಂತಿಯಾಯಿತು. ಅದನ್ನೂ ನಾನೇ ಒರೆಸಿದೆ.

ಅಮ್ಮಾ, ಈಗ ಹೆಸರು ನನಗೆ ಗೊತ್ತಾಗಿದೆ. ಭಾನುವಾರ ನಾಲ್ಕು ಬಾಗಿಲು ಹಾಕಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಹೇಳಿದಳು. ನಾನು ಮೊದಲು ನಂಬಲಿಲ್ಲ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಅತ್ತಳು. "ಈಗ ಹೇಳೋದು ಹೇಗೆ, ನೀನೇ ಹೇಳು" ಅಂದಳು.

ಆ ಹೆಸರನ್ನು ನಿನಗೂ ಬರೆಯುವುದಿಲ್ಲ. ಬೈಯಬೇಡ. ಹೇಳಿದರೆ ನಾನು ನನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದ ಹಾಗಾಗುತ್ತದೆ. ಅಷ್ಟು ಕೀಳಾಗಲು ನನಗೆ ಮನಸ್ಸಿಲ್ಲ. ಇನ್ನೂ ಒಂದು ಕಾರಣವಿದೆ, ಅದನ್ನು ನಾನು ನನಗೇ ಹೇಳಿಕೊಳ್ಳುತ್ತಿಲ್ಲ.

ನಿನ್ನ ಚಿನಕುರುಳಿ


ಫೆಬ್ರವರಿ 3

ಏಳನೇ ನಂಬರಿನವಳಿಗೆ,

ನಿನಗೆ ಹೆಸರು ಗೊತ್ತಾಗಿದೆ. ಇಲ್ಲವೆನ್ನಬೇಡ. ಒಂದು ವಾರದಿಂದ ನಾಲ್ಕು ನನ್ನ ಕಣ್ಣು ತಪ್ಪಿಸುತ್ತಿದ್ದಾಳೆ, ನೀನು ನನ್ನನ್ನು ನೋಡಿದಾಗಲೆಲ್ಲ ತುಟಿ ಕಚ್ಚಿ ನಗು ತಡೆಯುತ್ತೀಯ. ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ಅರ್ಥವಾಗುತ್ತಿಲ್ಲ.

ಹನ್ನೊಂದು ಜನ ನನ್ನ ಬೆನ್ನ ಹಿಂದೆ ಒಂದು ಗುಟ್ಟು ಇಟ್ಟುಕೊಂಡು ನನ್ನ ಎದುರಿಗೇ ಓಡುತ್ತಿದ್ದಾರೆ. ಇಪ್ಪತ್ತೆರಡು ವರ್ಷ ತಂಡ ಕಟ್ಟಿದ್ದೇನೆ, ಹೀಗೆ ಎಂದೂ ಆಗಿರಲಿಲ್ಲ. ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವೋ, ಭಯ ಹೆಚ್ಚಾಗಿದೆಯೋ? ಸಿಳ್ಳೆ ಬಾಯಲ್ಲಿಟ್ಟುಕೊಂಡು ನಿಲ್ಲುತ್ತೇನೆ, ಊದಲು ಮರೆಯುತ್ತೇನೆ.

ಪಟ್ಟಿಯಲ್ಲಿ ಹನ್ನೊಂದು ಹೆಸರು ಬರೆದಾಗಿದೆ. ಒಂದು ಸಾಲು ಖಾಲಿ ಇದೆ. ಇಪ್ಪತ್ತೈದರವರೆಗೆ ಖಾಲಿ ಇಡುತ್ತೇನೆ.

ಕೋಚ್


ಫೆಬ್ರವರಿ 4

ಕೋಚ್ ಮೇಡಂ,

ಹೌದು, ಗೊತ್ತು. ಹೇಳುವುದಿಲ್ಲ.

ನಗುತ್ತಿಲ್ಲ ಮೇಡಂ. ನನ್ನ ಮುಖವೇ ಹಾಗಾಗಿಬಿಟ್ಟಿದೆ.

ದಯವಿಟ್ಟು ಹದಿನೈದನೇ ನಂಬರಿನವಳ ಸುತ್ತು ಕಡಿಮೆ ಮಾಡಿ. ಅವಳ ಪಾಲಿನದನ್ನು ನಾನು ಓಡುತ್ತೇನೆ.

ಏಳು


ಫೆಬ್ರವರಿ 11

ಕೋಚ್ ಮೇಡಂ ಅವರಿಗೆ ನಮಸ್ಕಾರಗಳು.

ನಾನು ಏಳನೇ ನಂಬರಿನವಳ ತಾಯಿ. ವರ್ಷದ ಮೊದಲಲ್ಲಿ ಒಂದು ಸಲ ಭೇಟಿಯಾಗಿದ್ದೆವು, ಖಾಕಿ ಕೋಟಿನಲ್ಲೇ ಬಂದಿದ್ದೆ, ನೆನಪಿರಬಹುದು. ಬಸ್ ಕಂಡಕ್ಟರ್.

ಶಿಕ್ಷೆ ಕಡಿಮೆ ಮಾಡಿ ಎಂದು ಕೇಳಲು ಬರೆಯುತ್ತಿಲ್ಲ. ಮಾಡಿದ್ದು ತಪ್ಪು, ಅನುಭವಿಸಲಿ. ನಾನು ಮನೆಯಲ್ಲಿ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡದ್ದನ್ನು ನೀವು ಇಳಿಸುತ್ತಿದ್ದೀರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಕೆಲಸಕ್ಕೆ ಸಂಬಂಧಪಟ್ಟ ಒಂದೆರಡು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಮೇಡಂ, ಬಸ್ಸಿನಲ್ಲಿ ಜನರನ್ನು ಕಿವಿಯಿಂದ ಎಣಿಸಬಾರದು. "ಎಲ್ಲಾ ಬಂದ್ರಾ?" ಅಂದರೆ ಯಾರೋ ಒಬ್ಬರು "ಬಂದ್ರು, ರೈಟ್" ಅಂದೇ ಅನ್ನುತ್ತಾರೆ. ಅವರಿಗೆ ಮನೆಗೆ ಹೋಗುವ ಅವಸರ. ನಾನು ಹಿಂದಿನಿಂದ ಮುಂದಕ್ಕೆ ನಡೆಯುತ್ತಾ ಒಂದೊಂದೇ ತಲೆಯ ಮೇಲೆ ಕಣ್ಣಿಟ್ಟು ಎಣಿಸುತ್ತೇನೆ. ಮಕ್ಕಳಾದರೆ ಮುಟ್ಟಿಯೇ ಎಣಿಸುತ್ತೇನೆ. ನೀವೂ ಹಾಗೆ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಬೇಜಾರಾದರೆ ಆಗಲಿ, ಹೇಳಿಬಿಟ್ಟೆ.

ಎರಡನೆಯದು. ನಮ್ಮಂಥವರಿಗೆ ಬಸ್ಸಿನಲ್ಲಿ ದನಿ ಎಲ್ಲಿಂದ ಬಂತೆಂದು ಬೆನ್ನು ತಿರುಗಿಸಿದ್ದರೂ ತಿಳಿಯುತ್ತದೆ. ಹಿಂದಿನ ಸೀಟಿನ ದನಿ ಎಂಜಿನ್ ಸದ್ದಿನ ಕೆಳಗಿನಿಂದ ಬರುತ್ತದೆ, ಮುಂದಿನದು ಮೇಲಿಂದ. ನಿಮ್ಮ ಹುಡುಗಿಯರ ದನಿ ನಿಮಗೆ ಗೊತ್ತಿಲ್ಲದೆ ಇರುತ್ತದೆಯೇ? ದಿನಾ ಕೇಳುವವರು. ಆವತ್ತಿನ "ಏಳು" ಎಲ್ಲಿಂದ ಬಂತು, ಹಿಂದಿನಿಂದಲೋ ಮುಂದಿನಿಂದಲೋ? ಒಮ್ಮೆ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಿ. ಅಲ್ಲಿಂದ ಹುಡುಕಿದರೆ ಹನ್ನೊಂದು ಜನರನ್ನು ಓಡಿಸುವ ಕೆಲಸವಿರುವುದಿಲ್ಲ.

ಇಷ್ಟು ದೊಡ್ಡ ಬಾಯಿ ಮಾಡಿದ್ದಕ್ಕೆ ಕ್ಷಮೆಯಿರಲಿ.

ಏಳನೇ ನಂಬರಿನವಳ ತಾಯಿ


ಫೆಬ್ರವರಿ 13

ಏಳನೇ ನಂಬರಿನವಳ ತಾಯಿಯವರಿಗೆ,

ನಿಮ್ಮ ಪತ್ರ ತಲುಪಿತು. ನಮ್ಮ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ನಂಬರ್ ಕೂಗಿಯೇ ಎಣಿಸುತ್ತೇವೆ. ನಿಮ್ಮ ಪ್ರಶ್ನೆಗೆ ಉತ್ತರ: ದನಿ ಹಿಂದಿನಿಂದ ಬಂತು.

ಕೋಚ್


ಫೆಬ್ರವರಿ 15

ಏಳನೇ ನಂಬರಿನವಳ ತಾಯಿಯವರಿಗೆ,

ಹಿಂದಿನಿಂದ ಅಲ್ಲ.

ಕೋಚ್


ಫೆಬ್ರವರಿ 17

ಏಳನೇ ನಂಬರಿನವಳಿಗೆ,

ಈ ಪತ್ರವನ್ನು ಡಬ್ಬಿಗೆ ಹಾಕುತ್ತಿಲ್ಲ. ನಿನ್ನ ಕೈಗೇ ಕೊಡುತ್ತೇನೆ. ಓದುವಾಗ ನಾನು ಎದುರಿಗಿರುವುದಿಲ್ಲ, ಅಷ್ಟು ಧೈರ್ಯವಿಲ್ಲ.

ನಿನ್ನ ತಾಯಿ ಒಂದು ಪ್ರಶ್ನೆ ಕೇಳಿದ್ದರು. ದನಿ ಹಿಂದಿನಿಂದ ಬಂತೋ, ಮುಂದಿನಿಂದಲೋ ಎಂದು. ನನಗೆ ಸಿಟ್ಟು ಬಂತು. ಹಿಂದಿನಿಂದ ಎಂದು ಬರೆದು ಕಳಿಸಿದೆ. ಕಳಿಸಿದ ಮೇಲೆ ಒಂದು ಕಡೆ ಕೂರಲು ಆಗಲಿಲ್ಲ. ಆ ದನಿ ಎಂಜಿನ್ ಸದ್ದಿನ ಕೆಳಗಿನಿಂದ ಬಂದಿರಲಿಲ್ಲ. ಬಹಳ ಹತ್ತಿರದಿಂದ ಬಂದಿತ್ತು. ಆದರೆ ನಾನಿದ್ದದ್ದು ಮೊದಲ ಸೀಟಿನಲ್ಲಿ. ಪಕ್ಕದಲ್ಲಿ ಚೆಂಡಿನ ಚೀಲವಿತ್ತು. ನನ್ನ ಸಹಾಯಕ್ಕಿರುವ ಚಿಕ್ಕ ಕೋಚ್ ಆವತ್ತು ಹಿಂದೆ ಕೂತು ಯಾರದೋ ಕಾಲಿನ ಹರಡಿಗೆ ಐಸ್ ಹಿಡಿದಿದ್ದರು. ಹಾಗಾದರೆ ಹತ್ತಿರ ಇದ್ದವರು ಯಾರು?

ನಿನ್ನೆ ಬಸ್ ಶೆಡ್ಡಿಗೆ ಹೋಗಿ ನಮ್ಮ ಡ್ರೈವರನ್ನು ಕೇಳಿದೆ. ಅವರು ಟೈರಿಗೆ ನೀರು ಹೊಡೆಯುತ್ತಿದ್ದರು. ಪೈಪು ಕೆಳಗಿಟ್ಟು ನನ್ನನ್ನು ಮೇಲೆ ಕೆಳಗೆ ನೋಡಿದರು.

"ನೀವೇ ಅಂದ್ರಲ್ಲ ಮೇಡಂ. ಆರು ಅಂತ ಬಂತು, ಆಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಅನ್ಲಿಲ್ಲ. ನೀವು ಕಣ್ಣು ಮುಚ್ಕೊಂಡೇ ಏಳು ಅಂದ್ರಿ. ಹುಡುಗೀನ ಎಲ್ಲಿಗೋ ಕಳಿಸಿರ್ಬೇಕು, ಮೇಡಂಗೆ ಗೊತ್ತಿರತ್ತೆ ಅಂತ ನಾನು ಗಾಡಿ ತೆಗ್ದೆ."

ನಾನು ಇದೇ ಕಾಲೇಜಿಗೆ ನಾಲ್ಕು ವರ್ಷ, ಆಮೇಲೆ ಕಾರ್ಖಾನೆಯ ತಂಡಕ್ಕೆ ಆರು ವರ್ಷ ಆಡಿದವಳು. ನನ್ನ ನಂಬರ್ ಏಳು. ಹತ್ತು ವರ್ಷ ಬಸ್ಸಿನಲ್ಲಿ, ರೈಲಿನಲ್ಲಿ, ಹೋಟೆಲಿನ ಮೆಟ್ಟಿಲ ಮೇಲೆ, ಆರರ ನಂತರ ಏಳು ಎಂದವಳು. ಆವತ್ತು ತಲೆ ಸಿಡಿಯುತ್ತಿತ್ತು. ಸೋತ ಪಂದ್ಯವನ್ನೇ ಮೆಲುಕು ಹಾಕುತ್ತಾ ಕಣ್ಣು ಮುಚ್ಚಿದ್ದೆ. ಆರು ಎಂದು ಕೇಳಿಸಿತು, ಮುಂದೆ ದನಿ ಬರಲಿಲ್ಲ. ಬಾಯಿ ತಾನಾಗಿ ಅಂದುಬಿಟ್ಟಿತು. ಅಂದದ್ದು ನನಗೇ ಕೇಳಿಸಿತು. ಆದರೆ ನಾನು ಕೇಳಿಸಿಕೊಂಡದ್ದು ಏಳನೇ ನಂಬರಿನವಳು ಇದ್ದಾಳೆ ಎಂದಷ್ಟೇ.

ಇವತ್ತು ಬೆಳಗ್ಗೆ ಹನ್ನೊಂದು ಜನರನ್ನೂ ನಿಲ್ಲಿಸಿ ಕೇಳಿದೆ, "ಯಾಕ್ರೇ ಹೇಳ್ಲಿಲ್ಲ?" ನಾಲ್ಕು ನೆಲ ನೋಡುತ್ತಾ ಹೇಳಿದಳು, "ಮೊದಲು ನಿಮಗೆ ಗೊತ್ತಿದೆ ಅನ್ಕೊಂಡ್ವಿ ಮೇಡಂ. ಆಮೇಲೆ ನೀವು ಎದ್ದು ನಿಂತು, ಆ ಸುಳ್ಳುಗಾತಿ ಮುಖ ಜನ್ಮದಲ್ಲಿ ನೋಡಲ್ಲ ಅಂದ್ರಿ. ಆಮೇಲೆ ಹೇಗೆ ಹೇಳೋದು?" ಹಿಂದಿನಿಂದ ಯಾರೋ ಕಿಸಕ್ಕೆಂದರು. ನಾನೂ ನಗಬೇಕಿತ್ತು. ನನಗೆ ಅಳು ಬಂತು, ಮಕ್ಕಳ ಮುಂದೆ ಅತ್ತುಬಿಟ್ಟೆ. ಮೂವತ್ತು ಬೆಳಗು ಆ ಹುಡುಗಿಯರು ನನ್ನ ಮಾನ ಉಳಿಸಲು ಇಪ್ಪತ್ತಿಪ್ಪತ್ತು ಸುತ್ತು ಓಡಿದ್ದಾರೆ. ನಾನು ಸಿಳ್ಳೆ ಹಿಡಿದು ನಿಂತಿದ್ದೆ. ನಾಚಿಕೆಯಾಗುತ್ತಿದೆ, ಬೇರೆ ಮಾತು ಹುಡುಕುವುದಿಲ್ಲ.

ಅವರ ಮುಂದೆಯೇ ಓಡಲು ಹೊರಟೆ. ನಾಲ್ಕನೇ ಸುತ್ತಿಗೆ ಉಸಿರು ಮೇಲಕ್ಕೆ ಹೋಯಿತು, ಹದಿನೈದನೇ ನಂಬರಿನವಳು ಕೈಹಿಡಿದು ಕೂರಿಸಿದಳು. ಉಳಿದ ಹದಿನಾರು ಬಾಕಿಯಿದೆ.

ಈಗ ನಿಯಮ. ಇಲ್ಲದವರ ನಂಬರ್ ಕೂಗಿದವರಿಗೂ ಆರು ವಾರ. ನನ್ನ ಆರು ವಾರ ಇವತ್ತಿನಿಂದ. ಮಾರ್ಚ್ ಏಳಕ್ಕೆ ನಾನು ಬೆಂಚಿನಲ್ಲಿರುವುದಿಲ್ಲ, ತಂಡವನ್ನು ಚಿಕ್ಕ ಕೋಚ್ ಆಡಿಸುತ್ತಾರೆ. ನಿನ್ನ ಆರು ವಾರ ಜನವರಿ ಹದಿಮೂರರಿಂದಲೇ ಲೆಕ್ಕ, ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ. ಪಟ್ಟಿಯ ಖಾಲಿ ಸಾಲಿನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಜೆರ್ಸಿ ಈ ಪತ್ರದ ಜೊತೆಗಿದೆ. ಇಸ್ತ್ರಿ ನಾನೇ ಮಾಡಿದ್ದೇನೆ.

ಕ್ಷಮಿಸು.

ಕೋಚ್


ಫೆಬ್ರವರಿ 21

ಕೋಚ್ ಮೇಡಂ ಅವರಿಗೆ,

ನಾಲ್ಕು ದಿನದಿಂದ ಜೆರ್ಸಿ ನನ್ನ ಮೇಜಿನ ಮೇಲಿದೆ. ನಾನು ಅದರ ಸುತ್ತ ಓಡಾಡುತ್ತಿದ್ದೇನೆ. ಎರಡು ಸಲ ಹಾಕಿಕೊಂಡೆ, ಎರಡು ಸಲ ಬಿಚ್ಚಿಟ್ಟೆ. ನಾಲ್ಕು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಅಮ್ಮ ಫೋನ್ ಮಾಡಿ, "ಕಿವಿಯಿಂದ ಎಣಿಸ್ಬಾರ್ದು ಅಂದೆ, ಹೇಗೆ?" ಎಂದು ಜಂಬ ಕೊಚ್ಚಿಕೊಂಡಳು. ಎಲ್ಲರಿಗೂ ಖುಷಿ. ಸುಮ್ಮನಿದ್ದುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ. ಸುಮ್ಮನಿರಲು ಆಗುತ್ತಿಲ್ಲ.

ನೀವು ಒಂದು ಪ್ರಶ್ನೆ ಕೇಳಿದ್ದಿರಿ ಮೇಡಂ, ಮೈದಾನದಲ್ಲಿ. ಬಸ್ಸು ಹೊರಟಿದ್ದು ಗೊತ್ತಾಗ್ಲಿಲ್ವಾ ಎಂದು. ಗೊತ್ತಾಗಲಿಲ್ಲ ಅಂದೆ. ಆಮೇಲೆ ಬರೆದೂ ಕೊಟ್ಟೆ.

ಗೊತ್ತಾಗಿತ್ತು. ಎಂಜಿನ್ ಶುರುವಾದದ್ದು ಕೇಳಿಸಿತು. ತಿರುಗಿ ನೋಡಿದೆ. ಬಸ್ಸು ನಿಧಾನವಾಗಿ ರಸ್ತೆಗೆ ಇಳಿಯುತ್ತಿತ್ತು, ಕಿಟಕಿಯಲ್ಲಿ ಹದಿಮೂರನೇ ನಂಬರಿನವಳ ಜಡೆ ಕಾಣಿಸುತ್ತಿತ್ತು. ಓಡಿದ್ದರೆ ಹಿಡಿಯುತ್ತಿದ್ದೆ, ಕೂಗಿದ್ದರೂ ನಿಲ್ಲುತ್ತಿತ್ತು. ಆದರೆ ಒಂದೇ ಸಮನೆ ಎಂಟು ಬಿದ್ದಿತ್ತು ಮೇಡಂ. ಇನ್ನು ಎರಡೇ ಬಾಕಿ ಇತ್ತು. ಆ ಎರಡು ಬೀಳದೆ ನಿಮ್ಮೆಲ್ಲರ ಮುಖ ನೋಡುತ್ತಾ ಆ ಬಸ್ಸಿನಲ್ಲಿ ಕೂರುವುದು ಬೇಡ ಅನ್ನಿಸಿತು. ಬಸ್ಸಿಗೆ ಬೆನ್ನು ತಿರುಗಿಸಿ ನಿಂತೆ. ಒಂಬತ್ತನೆಯದು ತಪ್ಪಿತು.

ನೀವು ಕಣ್ಣು ಮುಚ್ಚಿಕೊಂಡು ಬಾಯಿ ತಪ್ಪಿ ಅಂದದ್ದಕ್ಕೆ ಆರು ವಾರ ತೆಗೆದುಕೊಂಡಿರಿ. ನಾನು ಕಣ್ಣು ಬಿಟ್ಟುಕೊಂಡೇ ಮಾಡಿದ್ದು. ನಿಮ್ಮ ಹೆಸರನ್ನು ಮುಚ್ಚಿಟ್ಟದ್ದು ದೊಡ್ಡತನ ಎಂದು ನಾಲ್ಕು ಹೇಳುತ್ತಾಳೆ. ಅದೂ ಪೂರ್ತಿ ನಿಜವಲ್ಲ. ಆ ವಿಷಯ ಕೆದಕಿದರೆ ಇದೂ ಹೊರಗೆ ಬರುತ್ತದೆ ಎಂಬ ಭಯವೂ ಇತ್ತು.

ಆ ನಿಯಮದ ಕೆಳಗೂ ನನ್ನ ಸಹಿ ಇದೆ. ಪಟ್ಟಿ ಕಳಿಸಲು ಇನ್ನೂ ನಾಲ್ಕು ದಿನವಿದೆ. ನನಗೆ ಆಡಬೇಕು ಮೇಡಂ. ಬಹಳ ಆಸೆಯಿದೆ. ಅದನ್ನೂ ಬರೆಯದಿದ್ದರೆ ಇನ್ನೊಂದು ಸುಳ್ಳಾಗುತ್ತದೆ.

ಜೆರ್ಸಿ ಕುರ್ಚಿಯ ಮೇಲಿದೆ.

ಏಳು


ಫೆಬ್ರವರಿ 24

ಮಗಳೇ,

ಮೂರು ದಿನ ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಆ ನಿಯಮವನ್ನು ಹೇಗಾದರೂ ಸಡಿಲಿಸಬಹುದೇ ಎಂದು ಪುಸ್ತಕವನ್ನು ತಿರುವಿ ಹಾಕಿದೆ. ಚಿಕ್ಕ ಕೋಚ್ "ಒಂದು ಸಲ ಕಣ್ಣು ಮುಚ್ಕೊಳಿ ಮೇಡಂ" ಅಂದರು. ಹಿಂದಿನ ಸಲ ಕಣ್ಣು ಮುಚ್ಚಿಕೊಂಡಾಗ ಏನಾಯಿತೆಂದು ನಿನಗೇ ಗೊತ್ತಲ್ಲ.

ಪಟ್ಟಿಯಿಂದ ನಿನ್ನ ಹೆಸರು ತೆಗೆದಿದ್ದೇನೆ. ಹನ್ನೊಂದೇ ಜನ ಹೋಗುತ್ತಾರೆ. ಅಡ್ಡಗೆರೆ ಎಳೆಯುವಾಗ ಕಾಗದ ಹರಿಯಿತು. ಹೊಸದಾಗಿ ಬರೆಯಬೇಕಾಯಿತು. ನೀನು ಬರೆಯದಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ಇದನ್ನು ಹೇಗೆ ಹೊಗಳಬೇಕೋ ಗೊತ್ತಿಲ್ಲ. ನನಗೆ ಹೊಗಳಿ ಅಭ್ಯಾಸವಿಲ್ಲ, ಅದು ನಿನಗೂ ಗೊತ್ತು. ಆವತ್ತು ಪಂದ್ಯ ಮುಗಿದಾಗ ನಿನ್ನ ಹತ್ತಿರ ಬಂದು ಏನಾದರೂ ಅನ್ನಬೇಕಿತ್ತು. ಬೈಯುವುದೋ ಸಮಾಧಾನ ಮಾಡುವುದೋ ತಿಳಿಯದೆ ಮುಂದಿನ ಸೀಟಿನಲ್ಲಿ ಹೋಗಿ ಕೂತೆ.

ಏಳನೇ ತಾರೀಕು ನಾನು ಬೆಳಗಿನ ಸಾಮಾನ್ಯ ಬಸ್ಸಿನಲ್ಲಿ ಹೋಗುತ್ತೇನೆ. ಗ್ಯಾಲರಿಯಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ. ನೀನೂ ಬರುವುದಾದರೆ ಪಕ್ಕದ ಜಾಗ ಹಿಡಿದಿರುತ್ತೇನೆ.

ನಿನ್ನ ಕೋಚ್


ಮಾರ್ಚ್ 11

ಅಮ್ಮಾ,

ಸೆಮಿಫೈನಲಿನಲ್ಲಿ ಮೂರು ಪಾಯಿಂಟಿನಿಂದ ಸೋತೆವು. ನೀನು ಫೋನಿನಲ್ಲಿ "ನೀನಿದ್ದಿದ್ರೆ ಗೆಲ್ತಿದ್ರಿ" ಅಂದೆಯಲ್ಲ, ಅದನ್ನು ಇನ್ನೊಂದು ಸಲ ಅನ್ನಬೇಡ. ಗೆಲ್ಲುತ್ತಿದ್ದೆವೋ ಏನೋ. ನಾಲ್ಕು ಕೊನೆಯವರೆಗೂ ಜೀವ ಬಿಟ್ಟು ಆಡಿದಳು.

ಗ್ಯಾಲರಿಯಲ್ಲಿ ಕೋಚ್ ಪಕ್ಕ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗಷ್ಟೇ. ಅವರು ಎದ್ದರೆ ನಾನು ಏಳುತ್ತಿದ್ದೆ, ನಾನು ಕೂತರೆ ಅವರು ಕೂರುತ್ತಿದ್ದರು. "ಬಲಕ್ಕೆ ಕೊಡೇ!" ಎಂದು ಒಂದು ಸಲ ಕೂಗಿದವರು, ತಾವು ಶಿಕ್ಷೆಯಲ್ಲಿದ್ದೇವೆಂದು ನೆನಪಾಗಿ ಬಾಯಿಗೆ ಬ್ಯಾಗಿನ ಪಟ್ಟಿ ಕಚ್ಚಿಕೊಂಡರು. ಆಟ ಮುಗಿದಾಗ ಆ ಪಟ್ಟಿ ನೋಡಬೇಕಿತ್ತು ನೀನು. ನಮ್ಮ ಹಿಂದೆ ಕೂತಿದ್ದ ಹೆಂಗಸು, "ನಿಮ್ಮ ಮಕ್ಕಳು ಆಡ್ತಿದಾರಾ?" ಎಂದು ಕೇಳಿದರು. ಕೋಚ್ "ಹನ್ನೊಂದು ಜನ. ಇವಳು ಹನ್ನೆರಡನೆಯವಳು" ಅಂದರು.

ವಾಪಸು ಬರುವಾಗ ಚಿಕ್ಕ ಕೋಚ್ ನಮ್ಮಿಬ್ಬರನ್ನೂ ತಂಡದ ಬಸ್ಸಿಗೇ ಹತ್ತಿಸಿಕೊಂಡರು. ಈಗ ನಂಬರ್ ಕೂಗುವುದಿಲ್ಲ ಅಮ್ಮಾ. ಚಿಕ್ಕ ಕೋಚ್ ಹಿಂದಿನಿಂದ ಮುಂದಕ್ಕೆ ಬಂದು ಒಂದೊಂದೇ ತಲೆ ಮುಟ್ಟಿ ಎಣಿಸುತ್ತಾರೆ. ಕೋಚ್ ತಲೆಯ ಹತ್ತಿರ ಬಂದಾಗ ಕೈ ತಡೆಯಿತು. "ಮುಟ್ರೀ" ಅಂದರು ಕೋಚ್. ಮುಟ್ಟಿದರು. ಇಡೀ ಬಸ್ಸು ಉಸಿರು ಬಿಗಿಹಿಡಿದು ನಗು ನುಂಗಿತು.

ಸಂಜೆ ಬಸ್ಸು ಅದೇ ಚಹಾದಂಗಡಿಯ ಮುಂದೆ ನಿಂತಿತು. ಹುಡುಗಿಯರೆಲ್ಲ ಇಳಿದರು. ನಾನು ಸೀಟಿನಲ್ಲೇ ಅಂಟಿಕೊಂಡು ಕೂತೆ, ಆ ಕಡೆಯ ಕಿಟಕಿಗೆ ಬೆನ್ನು ಹಾಕಿ. ಕೋಚ್ ಎದ್ದು ಚೀಲದಿಂದ ಒಂದು ಚೆಂಡು ತೆಗೆದರು. ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಬಳಿ ನಿಂತರು.

"ಬಾ. ಹೇಳಿ ಹೋಗೋಣ."

ಡ್ರೈವರಿಗೆ ಹೇಳಿದರು. ಚಿಕ್ಕ ಕೋಚಿಗೆ ಹೇಳಿದರು. ಚಹಾ ಲೋಟ ಹಿಡಿದು ನಿಂತಿದ್ದ ನಾಲ್ಕರ ಹತ್ತಿರ ಹೋಗಿ, "ಕ್ಯಾಪ್ಟನ್, ನಾವಿಬ್ರು ಎದುರಿನ ಮೈದಾನಕ್ಕೆ ಹೋಗ್ತಿದೀವಿ. ಹಾರನ್ ಆದ ತಕ್ಷಣ ಬರ್ತೀವಿ" ಅಂದರು. ಅವಳು ಗಂಭೀರವಾಗಿ "ಆಗಲಿ ಮೇಡಂ" ಅಂದಳು. ಚಹಾ ಮೂಗಿಗೆ ಹತ್ತಿತು ಅವಳಿಗೆ.

ಆ ರಿಂಗಿಗೆ ಈಗಲೂ ಬಲೆಯಿಲ್ಲ. ಕೋಚ್ ಅದರ ಕೆಳಗೆ ನಿಂತು ಚೆಂಡು ಹಿಡಿದು ಹಿಡಿದು ಕೊಟ್ಟರು. ಮೊದಲನೆಯದು ತಪ್ಪಿತು. ಆಮೇಲೆ ಬಿದ್ದವು. ಎರಡು ತಿಂಗಳಿಂದ ಒಂದು ಸಲವೂ ಹೊಡೆಯದಿದ್ದರೂ ಬಿದ್ದವು ಅಮ್ಮಾ. ಕೋಚ್ ಬಾಯಿಬಿಟ್ಟು ಎಣಿಸುತ್ತಿದ್ದರು. ಆರು. ಏಳು ಅನ್ನುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಂಟು.

ಹಾರನ್ ಆಯಿತು.

ಚೆಂಡು ನನ್ನ ಕೈಯಲ್ಲಿತ್ತು. ಇನ್ನು ಎರಡೇ. ಆವತ್ತಿನಷ್ಟೇ. ಕೋಚ್ ನನ್ನನ್ನೇ ನೋಡುತ್ತಿದ್ದರು. ನಾನು ಚೆಂಡನ್ನು ಅವರ ಕೈಗೆ ಕೊಟ್ಟು ಬಸ್ಸಿನ ಕಡೆ ಓಡಿದೆ. ಹೀಗೆ ಓಡಿ ಎಷ್ಟು ದಿನವಾಗಿತ್ತೋ, ಕಣ್ಣಲ್ಲಿ ನೀರು ಬಂತು.

ಬಸ್ಸಿನ ಬಾಗಿಲ ಕಂಬಿ ಹಿಡಿದು ತಿರುಗಿ ನೋಡಿದರೆ ಕೋಚ್ ನನ್ನ ಹಿಂದೆ ಇರಲಿಲ್ಲ. ಇನ್ನೂ ಅಲ್ಲೇ ಇದ್ದರು. ಗೆರೆಯ ಮೇಲೆ ನಿಂತು, ಚೆಂಡು ಎತ್ತಿ ಹಿಡಿದು, ರಿಂಗನ್ನು ನೋಡುತ್ತಿದ್ದರು. ಎಂಜಿನ್ ಗುರುಗುಟ್ಟುತ್ತಿತ್ತು. ಹನ್ನೊಂದು ಜನ ಕಿಟಕಿಗೆ ಮುಗಿಬಿದ್ದಿದ್ದರು, ಒಬ್ಬಳೂ ಬಾಯಿ ಬಿಡಲಿಲ್ಲ.

ನಾನೇ ಕೂಗಿದೆ, "ಮೇಡಂ, ಬಸ್ಸು!"

ನಿನ್ನ ಚಿನಕುರುಳಿ